ಕರೆಂಟು ಹೊಡೆಯದ ದೊಡ್ಡಪ್ಪ, ಕರೆಂಟು ಹೊಡೆಯುವ ಅವ್ವ

"ಈ ಗ್ರೈಂಡರ್ ಜುಮ್ಮೆನ್ನುತ್ತದೆ ಕಣಪ್ಪ" ಎಂದು ಅವ್ವ ಎಷ್ಟು ಸಲ ಹೇಳಿದ್ದಳೋ ಲೆಕ್ಕವಿಲ್ಲ. ಹೇಳಿದಾಗಲೆಲ್ಲ ನಾನು ಎದ್ದು ಅಡುಗೆಮನೆಗೆ ಹೋಗಿ, ಗ್ರೈಂಡರಿನ ಸ್ಟೀಲ್ ಮೈಯನ್ನು ಅಂಗೈಯಿಂದ ಸವರಿ, "ಎಲ್ಲಿ? ಏನೂ ಇಲ್ಲವಲ್ಲ" ಎಂದು ತೀರ್ಪು ಕೊಟ್ಟು, ವಾಪಸು ಬಂದು ಪೇಪರು ಹಿಡಿದು ಕೂರುತ್ತಿದ್ದೆ. ಭಾವ ಮಂಡ್ಯಕ್ಕೆ ಬಂದಾಗ ಅವರೂ ಮುಟ್ಟಿ ನೋಡಿದರು. ಪಕ್ಕದ ಮನೆಯ ಹುಡುಗ ಐಟಿಐ ಓದಿದವನು, ಅವನೂ ಮುಟ್ಟಿದ. ಕೊನೆಗೆ ಎಲೆಕ್ಟ್ರಿಷಿಯನ್ ಬಂದ. ಮುಷ್ಟಿ ಕಟ್ಟಿ ಬೆರಳ ಹಿಂಬದಿಯನ್ನು ತಾಗಿಸಿದ, ಆಮೇಲೆ ಜೇಬಿನಿಂದ ಟೆಸ್ಟರ್ ತೆಗೆದು ಹಚ್ಚಿದ. ಟೆಸ್ಟರಿನ ಹೊಟ್ಟೆಯೊಳಗಿನ ಪುಟ್ಟ ದೀಪ ಆರಿಹೋಗುತ್ತಿರುವ ಕೆಂಡದ ಹಾಗೆ ಮಂಕಾಗಿ ಕಂಡಿತು. "ಇದು ಇಂಡಕ್ಷನ್ ಸಾರ್, ಪಕ್ಕದ ತಂತಿಯಿಂದ ಸುಮ್ಮನೆ ಸೋಂಕುವ ಕರೆಂಟು, ಇದರಿಂದ ಏನೂ ಆಗುವುದಿಲ್ಲ" ಎಂದವನೇ 150 ರೂಪಾಯಿ ತೆಗೆದುಕೊಂಡು ಹೋದ.

ನಾಲ್ಕು ಜನ ಗಂಡಸರು ಮುಟ್ಟಿ ನೋಡಿ ಇಲ್ಲ ಎಂದ ಮೇಲೆ ಇನ್ನೇನು ಉಳಿಯಿತು? ಅವ್ವನಿಗೆ ವಯಸ್ಸಾಯಿತು, ಸಕ್ಕರೆ ಕಾಯಿಲೆಯವರಿಗೆ ಕೈ ಜುಮ್ಮೆನ್ನುವುದು ಸಹಜ ಎಂದು ಭಾವ ಷರಾ ಬರೆದರು. ಅವ್ವನಿಗೆ ಸಕ್ಕರೆ ಕಾಯಿಲೆ ಇಲ್ಲ. ಅದನ್ನು ಅವಳು ಹೇಳಿದಳು, ಯಾರೂ ಕೇಳಿಸಿಕೊಳ್ಳಲಿಲ್ಲ.

ಹೇಳಿಕೊಳ್ಳಲು ನಾಚಿಕೆಯಾಗುವ ಮಾತೊಂದಿದೆ. ನಾನು ಪಿಯು ಕಾಲೇಜಿನಲ್ಲಿ ಭೌತಶಾಸ್ತ್ರ ಹೇಳಿಕೊಡುವವನು. ವೋಲ್ಟೇಜನ್ನು ತಡೆಯಿಂದ ಭಾಗಿಸಿದರೆ ಹರಿಯುವ ಕರೆಂಟು ಸಿಗುತ್ತದೆ ಎನ್ನುವ ಓಮನ ನಿಯಮವನ್ನು ಇಪ್ಪತ್ತೆರಡು ವರ್ಷಗಳಿಂದ ಬೋರ್ಡಿನ ಮೇಲೆ ಬರೆಯುತ್ತಿದ್ದೇನೆ, ಅಳಿಸುತ್ತಿದ್ದೇನೆ. ಅದು ನನ್ನ ಮನೆಯ ಅಡುಗೆಕಟ್ಟೆಗೂ ಅನ್ವಯಿಸುತ್ತದೆ ಎಂಬುದು ಹೊಳೆಯಲು ಒಬ್ಬ ಹುಡುಗ ತರಗತಿಯಲ್ಲಿ ಎದ್ದು ನಿಲ್ಲಬೇಕಾಯಿತು. "ಸಾರ್, ಕೆಲವರಿಗೆ ಕರೆಂಟು ಹೊಡೆಯುವುದೇ ಇಲ್ಲವಂತೆ, ನಿಜವೇ?" ಎಂದು ಅವನು ಕೇಳಿದ. ತಕ್ಷಣ ನನ್ನ ಕಣ್ಣ ಮುಂದೆ ಬಂದವರು ಅವ್ವ ಅಲ್ಲ, ದೊಡ್ಡಪ್ಪ.

ನಮ್ಮೂರು ಪಾಂಡವಪುರದ ಕಡೆ. ದೊಡ್ಡಪ್ಪನದು ಆಲೆಮನೆ. ಗಾಣ ತಿರುಗಿಸುವ ಮೋಟರು, ಅದರ ಪಕ್ಕದ ಗೋಡೆಗೆ ಹೊಡೆದ ಸ್ಟಾರ್ಟರ್ ಪೆಟ್ಟಿಗೆ, ಪೆಟ್ಟಿಗೆಯ ಬಾಗಿಲಿಗೆ ಕಟ್ಟಿದ ಒಂದು ತುಂಡು ಸುತಲಿ. ಫ್ಯೂಸು ಹೋದರೆ ಲೈನ್‌ಮನ್‌ಗೆ ಕಾಯುವ ಪದ್ಧತಿಯೇ ಅಲ್ಲಿರಲಿಲ್ಲ. ದೊಡ್ಡಪ್ಪ ಪಂಚೆ ಮೇಲೆ ಕಟ್ಟಿ, ಬಾಯಲ್ಲಿದ್ದ ಎಲೆ ಅಡಿಕೆಯನ್ನು ಒಂದು ದವಡೆಗೆ ಒತ್ತರಿಸಿ, ಬರಿಗೈಯಲ್ಲಿ ತಂತಿ ಹಿಡಿದು ಸುತ್ತಿಬಿಡುತ್ತಿದ್ದರು. ಮೈನ್ ಸ್ವಿಚ್ ಇಳಿಸದೆಯೇ! ನಾವು ಹುಡುಗರು ಕೊಪ್ಪರಿಗೆಯ ಆಚೆ ನಿಂತು ಬಾಯಿ ಬಿಟ್ಟುಕೊಂಡು ನೋಡುತ್ತಿದ್ದೆವು. ಅದೇ ಮೋಟರಿನ ಮೈ ಗಾಣಕ್ಕೆ ಕಬ್ಬು ಕೊಡುವ ಆಳಿಗೆ ದಿನಾ ಚುಳ್ಳೆನ್ನಿಸುತ್ತಿತ್ತು. ಅವನು ದೂರಿದರೆ ದೊಡ್ಡಪ್ಪ ಹೋಗಿ ಅಂಗೈ ಅಗಲಿಸಿ ಮೋಟರಿನ ಮೇಲಿಟ್ಟು ನಗುತ್ತಿದ್ದರು. "ನನಗೆ ಹೊಡೆಯುವುದಿಲ್ಲ. ಕರೆಂಟಿಗೂ ಗಂಡು ಯಾರು ಅಂತ ಗೊತ್ತಾಗುತ್ತದೆ" ಎನ್ನುತ್ತಿದ್ದರು.

ಊರಿನವರ ಬಳಿ ಇದಕ್ಕೆ ವಿವರಣೆಗಳೂ ಇದ್ದವು. ಅವರ ರಕ್ತದ ಗುಂಪೇ ಬೇರೆ ಎಂದರು ಕೆಲವರು. ಎಮ್ಮೆ ಚರ್ಮ ಎಂದರು ಕೆಲವರು. ಬಾಲ್ಯದಲ್ಲಿ ಒಮ್ಮೆ ಸಿಡಿಲು ಹತ್ತಿರದಲ್ಲೇ ಬಡಿದಿತ್ತಂತೆ, ಅಂದಿನಿಂದ ಮೈ ಪಳಗಿದೆ ಎಂದು ಒಬ್ಬ ಅಜ್ಜಿ ಹೇಳುತ್ತಿದ್ದಳು. ರಕ್ತದ ಗುಂಪಿಗೂ ಇದಕ್ಕೂ ಸುತರಾಂ ಸಂಬಂಧವಿಲ್ಲ. ಎ ಆಗಲಿ, ಬಿ ಆಗಲಿ, ಒ ಆಗಲಿ, ಎಲ್ಲರ ರಕ್ತವೂ ಉಪ್ಪುನೀರೇ, ಅದರಲ್ಲಿ ಕರೆಂಟು ಸಲೀಸಾಗಿ ಹರಿಯುತ್ತದೆ. ಎಮ್ಮೆ ಚರ್ಮದ ಮಾತಿನಲ್ಲಿ ಮಾತ್ರ ಒಂದು ಹಿಡಿ ಸತ್ಯವಿದೆ, ಅದಕ್ಕೆ ಆಮೇಲೆ ಬರುತ್ತೇನೆ.

ಈ ಪ್ರಶ್ನೆ ಮಂಡ್ಯದ ಹುಡುಗರದ್ದಷ್ಟೇ ಅಲ್ಲ ಎಂಬುದು ನನಗೆ ಬಹಳ ಖುಷಿ ಕೊಟ್ಟ ಸಂಗತಿ. ಹದಿನೆಂಟನೆಯ ಶತಮಾನದ ಫ್ರಾನ್ಸಿನಲ್ಲಿ ಶಾಕ್ ಹೊಡೆಸಿಕೊಳ್ಳುವುದು ಶ್ರೀಮಂತರ ಮನರಂಜನೆಯಾಗಿತ್ತು. ಲೇಡನ್ ಜಾಡಿ ಎಂಬ, ವಿದ್ಯುತ್ತನ್ನು ಕೂಡಿಡುವ ಗಾಜಿನ ಪಾತ್ರೆ ಆಗಷ್ಟೇ ಬಂದಿತ್ತು. 1746ರಲ್ಲಿ ನೊಲ್ಲೆ ಎಂಬ ಪಾದ್ರಿ 180 ಜನ ಕಾವಲುಭಟರನ್ನು ಕೈ ಕೈ ಹಿಡಿಸಿ ನಿಲ್ಲಿಸಿ, ಜಾಡಿಯನ್ನು ಮುಟ್ಟಿಸಿ, ಹದಿನೈದನೆಯ ಲೂಯಿ ದೊರೆಯ ಎದುರಿಗೆ ಅಷ್ಟೂ ಜನರನ್ನು ಒಂದೇ ಸಲಕ್ಕೆ ಮೇಲಕ್ಕೆ ಹಾರಿಸಿದ. ಕೆಲವು ದಶಕಗಳ ನಂತರ ಸಿಗೋ ದ ಲಾ ಫಾಂ ಎಂಬ ಇನ್ನೊಬ್ಬ ಪ್ರಯೋಗಕಾರ ಅದೇ ಆಟವನ್ನು ಸುಮಾರು 60 ಜನರನ್ನು ನಿಲ್ಲಿಸಿ ಆಡಿದಾಗ ಒಂದು ಎಡವಟ್ಟಾಯಿತು. ಸಾಲಿನ ಮೊದಲ ಕೆಲವರು ಹಾರಿದರು, ಆರನೆಯವನ ಬಳಿ ಶಾಕ್ ನಿಂತುಹೋಯಿತು. ಮತ್ತೆ ಮಾಡಿದರೂ ಅಲ್ಲಿಗೇ ನಿಂತಿತು.

ಆ ಬಡಪಾಯಿಯ ಮೇಲೆ ಎಲ್ಲರ ಕಣ್ಣು ಬಿತ್ತು. ಅವನಲ್ಲಿ ಗಂಡಸುತನ ಕಡಿಮೆ ಇರಬೇಕು, ಅದಕ್ಕೇ ವಿದ್ಯುತ್ತು ಮುಂದಕ್ಕೆ ಹೋಗಲಿಲ್ಲ ಎಂದು ಪ್ಯಾರಿಸ್ ತುಂಬ ಗುಸುಗುಸು ಹಬ್ಬಿತು. ನೋಡಿಯೇ ಬಿಡೋಣ ಎಂದು, ಕಂಠ ಒಡೆಯದಿರಲೆಂದು ಬಾಲ್ಯದಲ್ಲೇ ವೃಷಣ ತೆಗೆಸಿಕೊಂಡಿದ್ದ ಮೂವರು ಆಸ್ಥಾನ ಸಂಗೀತಗಾರರನ್ನು ಕರೆಸಿ ಸಾಲಿನಲ್ಲಿ ನಿಲ್ಲಿಸಿದರು. ಮೂವರೂ ಎಲ್ಲರಂತೆಯೇ ಬೆಚ್ಚಿ ಹಾರಿದರು. ಕೊನೆಗೆ ಸಿಗೋ ಕಂಡುಕೊಂಡ ಕಾರಣ ಬಹಳ ಸಾದಾ: ನಿಂತ ನೆಲ ಒದ್ದೆಯಾಗಿತ್ತು. ಶಾಕ್ ಸಾಲಿನ ಕೊನೆಯವರೆಗೆ ಹೋಗುವ ಗೋಜಿಗೆ ಹೋಗದೆ ಕಾಲಿನಿಂದ ನೆಲಕ್ಕಿಳಿದು ಸುತ್ತು ಮುಗಿಸಿಬಿಡುತ್ತಿತ್ತು.

ಪ್ಯಾರಿಸಿನಲ್ಲಿ ಶಾಕ್ ಹೊಡೆಯದವನು ಗಂಡಸೇ ಅಲ್ಲ, ನಮ್ಮ ಆಲೆಮನೆಯಲ್ಲಿ ಶಾಕ್ ಹೊಡೆಯದವನೇ ಗಂಡು. ಎರಡು ಕಡೆಯವರೂ ಮನುಷ್ಯನನ್ನೇ ಮೇಲಿಂದ ಕೆಳಗೆ ನೋಡುತ್ತಾ ನಿಂತರು. ಕಾಲ ಕೆಳಗಿನ ನೆಲವನ್ನು ನೋಡಿದವರು ಕಡಿಮೆ.

ತರಗತಿಯ ಹುಡುಗನಿಗೆ ಬಾಯಿಮಾತಿನಲ್ಲಿ ಉತ್ತರ ಕೊಡುವ ಬದಲು ಲ್ಯಾಬಿನಿಂದ ಮಲ್ಟಿಮೀಟರ್ ತರಿಸಿದೆ. ಅದರಲ್ಲಿರುವುದು ಸಣ್ಣ ಬ್ಯಾಟರಿ, ಯಾರಿಗೂ ಏನೂ ಆಗುವುದಿಲ್ಲ. ಎರಡು ಕಡ್ಡಿಗಳನ್ನು ಎರಡು ಕೈಯ ಬೆರಳುಗಳಲ್ಲಿ ಚಿವುಟಿ ಹಿಡಿಯುವುದು, ಕರೆಂಟಿಗೆ ಮೈ ಒಡ್ಡುವ ತಡೆ ಎಷ್ಟು ಓಮ್ ಎಂದು ಮೀಟರು ತೋರಿಸಿದ್ದನ್ನು ಬರೆದುಕೊಳ್ಳುವುದು. ಒಬ್ಬನದು ಎರಡು ಮೂರು ಲಕ್ಷ, ಇನ್ನೊಬ್ಬನದು ಹತ್ತು ಲಕ್ಷ ದಾಟಿತು. ರಜೆಯಲ್ಲಿ ಗದ್ದೆ ಕೆಲಸ ಮಾಡುವ ಒಬ್ಬ ಹುಡುಗನ ಬೆರಳುಗಳು ಮೀಟರನ್ನೇ ಸೋಲಿಸುವಂತಿದ್ದವು. ಮುಂದಿನ ಬೆಂಚಿನ ಹುಡುಗಿಯೊಬ್ಬಳ ಅಂಗೈ ಸದಾ ಬೆವರುತ್ತದಂತೆ, ಅವಳದು ಎಲ್ಲರಿಗಿಂತ ಕಡಿಮೆ. "ನೋಡಿದಿರಾ ಸಾರ್, ಕೆಲವರಿಗೆ ಹೊಡೆಯುವುದಿಲ್ಲ" ಎಂದು ಹುಡುಗ ಗೆದ್ದವನಂತೆ ಕೂಗಿದ. ಒಂದು ಬಟ್ಟಲಿನಲ್ಲಿ ಉಪ್ಪುನೀರು ತರಿಸಿ ಎಲ್ಲರಿಗೂ ಬೆರಳು ಅದ್ದಲು ಹೇಳಿದೆ. ಮತ್ತೆ ಅಳೆದಾಗ ಲಕ್ಷಗಳೆಲ್ಲ ಸಾವಿರಗಳಿಗೆ ಇಳಿದಿದ್ದವು, ಗದ್ದೆಯ ಹುಡುಗನೂ ಬೆವರುವ ಹುಡುಗಿಯೂ ಅಕ್ಕಪಕ್ಕದಲ್ಲೇ ಕೂತಿದ್ದರು.

ಎಮ್ಮೆ ಚರ್ಮದಲ್ಲಿರುವ ಸತ್ಯ ಇಷ್ಟೇ. ನಮ್ಮ ಮೈಯೊಳಗೆಲ್ಲ ಉಪ್ಪುನೀರು, ಅದು ಕರೆಂಟನ್ನು ತಡೆಯುವುದು ಕೆಲವು ನೂರು ಓಮ್ ಮಾತ್ರ. ಉಳಿದ ತಡೆಯೆಲ್ಲ ಚರ್ಮದ ಹೊರಗಿನ ಸತ್ತ ಪದರದ್ದು. ಹಾರೆ, ಗುದ್ದಲಿ, ಮಚ್ಚು ಹಿಡಿದು ಜಡ್ಡುಗಟ್ಟಿದ ಅಂಗೈಯಲ್ಲಿ, ಬರಿಗಾಲಲ್ಲಿ ನಡೆದು ಒಡೆದ ಹಿಮ್ಮಡಿಯಲ್ಲಿ ಆ ಪದರ ದಪ್ಪ. ಅದು ಒಣಗಿರುವಷ್ಟು ಹೊತ್ತು ಒಳ್ಳೆಯ ಕಾವಲುಗಾರ. ಒದ್ದೆಯಾದರೆ, ಎಲ್ಲಾದರೂ ಗಾಯವಾಗಿ ತೆರೆದರೆ, ಅಥವಾ ವೋಲ್ಟೇಜು ಹೆಚ್ಚಿದರೆ ಕಾವಲುಗಾರ ಕೈ ಚೆಲ್ಲುತ್ತಾನೆ. 230 ವೋಲ್ಟಿನ ಮನೆ ಕರೆಂಟನ್ನು ಅಂಗೈ ತುಂಬ ಹಿಡಿದಾಗ ಯಾರ ಮೈಯಾದರೂ ಒಡ್ಡುವ ತಡೆ ಹೆಚ್ಚುಕಡಿಮೆ ಸಾವಿರ, ಎರಡು ಸಾವಿರ ಓಮ್. ಮನುಷ್ಯ ಮನುಷ್ಯರ ನಡುವೆ ಇರುವ ವ್ಯತ್ಯಾಸ ಒಂದಕ್ಕೆ ಎರಡು. ಒಣ ನೆಲಕ್ಕೂ ಒದ್ದೆ ನೆಲಕ್ಕೂ, ಚಪ್ಪಲಿಗೂ ಬರಿಗಾಲಿಗೂ ಇರುವ ವ್ಯತ್ಯಾಸ ಒಂದಕ್ಕೆ ಸಾವಿರ. 11 ಸಾವಿರ ವೋಲ್ಟಿನ ತಂತಿಯ ಮುಂದೆ ಈ ಲೆಕ್ಕ ಯಾವುದೂ ನಡೆಯುವುದಿಲ್ಲ, ಅಲ್ಲಿ ಮುಟ್ಟುವ ಮುಂಚೆಯೇ ಕಿಡಿ ಹಾರುತ್ತದೆ.

ಹೆದರಿದವರ ಅಂಗೈ ಬೆವರುತ್ತದೆ, ಬೆವರಿದ ಅಂಗೈಯಲ್ಲಿ ಕರೆಂಟು ಸುಲಭವಾಗಿ ಹರಿಯುತ್ತದೆ. ಪೊಲೀಸರ ಸುಳ್ಳುಪತ್ತೆ ಯಂತ್ರ ಅಳೆಯುವ ಹಲವು ಸಂಗತಿಗಳಲ್ಲಿ ಇದೂ ಒಂದು. ಹೆದರುವವರ ಮೇಲೆ ಹಾವು ಎಸೆದಂತೆ ಎನ್ನುತ್ತಾರಲ್ಲ, ಈ ವಿಷಯದಲ್ಲಿ ಅದು ಅಕ್ಷರಶಃ ನಿಜ.

ಆ ಸಂಜೆ ಮನೆಗೆ ಬಂದು ಮೊದಲು ಮಾಡಿದ ಕೆಲಸ, ಅವ್ವನ ಗ್ರೈಂಡರನ್ನು ಮುಟ್ಟಿದವರ ಪಟ್ಟಿ ಹಾಕಿದ್ದು. ನನಗೆ ಹಿಮ್ಮಡಿ ನೋವು, ವೈದ್ಯರು ಹೇಳಿದ್ದರಿಂದ ಮನೆಯೊಳಗೂ ರಬ್ಬರ್ ಚಪ್ಪಲಿ ಹಾಕುತ್ತೇನೆ. ಭಾವ ಅಂದು ಬೂಟು ಬಿಚ್ಚಿದ್ದರೇ ಹೊರತು ಸಾಕ್ಸ್ ಬಿಚ್ಚಿರಲಿಲ್ಲ. ಐಟಿಐ ಹುಡುಗನೂ ಎಲೆಕ್ಟ್ರಿಷಿಯನ್ನೂ ಬರಿಗಾಲಲ್ಲೇ ಇದ್ದರು, ಆದರೆ ಅವರು ಬಂದದ್ದು ಹಗಲು ಹನ್ನೊಂದಕ್ಕೆ, ನೆಲ ಒಣಗಿತ್ತು, ಮುಟ್ಟಿದ್ದು ಒಣಗಿದ ಒಂದು ಬೆರಳು. ಅವ್ವ ರುಬ್ಬುವುದು ಸಂಜೆ, ಕಟ್ಟೆ ತೊಳೆದು, ನೆಲ ಒರೆಸಿದ ಮೇಲೆ. ಎಡಗೈ ಪಾತ್ರೆಯ ಅಂಚನ್ನು ಹಿಡಿದಿರುತ್ತದೆ, ಬಲಗೈ ಮಣಿಕಟ್ಟಿನವರೆಗೆ ಉದ್ದಿನ ಹಿಟ್ಟು. ಕಾಲಿಗೆ ಚಪ್ಪಲಿ ಇಲ್ಲ, ಕಾಲುಂಗುರದ ಸುತ್ತ ನೀರು.

ನಾಲ್ವರು ಪರೀಕ್ಷಕರೂ ಪರೀಕ್ಷೆ ಮಾಡಿದ್ದು ಗ್ರೈಂಡರನ್ನಲ್ಲ, ತಮ್ಮ ತಮ್ಮ ಪಾದಗಳನ್ನು.

ಲೆಕ್ಕಕ್ಕೆ, ಮೋಟರಿನಿಂದ ಮೈಗೆ ಸೋರುವ ದಾರಿಯ ತಡೆ ಒಂದು ಲಕ್ಷ ಓಮ್ ಎಂದಿಟ್ಟುಕೊಳ್ಳೋಣ. ಒದ್ದೆ ಕೈ, ಒದ್ದೆ ಕಾಲಿನ ಅವ್ವನ ತಡೆ ಅದರ ಮುಂದೆ ಲೆಕ್ಕಕ್ಕಿಲ್ಲ. 230ನ್ನು ಒಂದು ಲಕ್ಷದಿಂದ ಭಾಗಿಸಿದರೆ 2.3 ಮಿಲಿ ಆಂಪಿಯರ್, ಅಂದರೆ ಒಂದು ಆಂಪಿಯರಿನ ಸಾವಿರ ಪಾಲಿನಲ್ಲಿ 2.3 ಪಾಲು. ನನ್ನ ರಬ್ಬರ್ ಚಪ್ಪಲಿ ಒಂದು ಕೋಟಿ ಓಮ್ ಎಂದುಕೊಂಡರೆ ನನ್ನಲ್ಲಿ ಹರಿದದ್ದು ಅದರ ನೂರನೆಯ ಒಂದು ಭಾಗ. ಒಂದೇ ಗ್ರೈಂಡರು, ಒಂದೇ ಸಂಜೆ, ಒಂದೇ ರಕ್ತ.

ಇದರ ಮೇಲೆ ಇನ್ನೊಂದು ಪದರವಿದೆ. ಅಮೆರಿಕದ ಬರ್ಕ್ಲಿಯಲ್ಲಿ ಚಾರ್ಲ್ಸ್ ಡಾಲ್ಜಿಯಲ್ ಎಂಬ ಪ್ರಾಧ್ಯಾಪಕರು ಸ್ವಯಂಸೇವಕರ ಕೈಗೆ ತಂತಿ ಕೊಟ್ಟು, ಕರೆಂಟನ್ನು ಚೂರು ಚೂರೇ ಏರಿಸುತ್ತಾ, ಎಷ್ಟಕ್ಕೆ ಗೊತ್ತಾಗುತ್ತದೆ, ಎಷ್ಟಕ್ಕೆ ಹಿಡಿದ ಕೈ ಬಿಡಲಾಗುವುದಿಲ್ಲ ಎಂದು ಅಳೆದರು. ಗಂಡಸರಿಗೆ ಸರಾಸರಿ 1.1 ಮಿಲಿ ಆಂಪಿಯರಿಗೆ ಜುಮ್ಮೆಂದಿತು, ಹೆಂಗಸರಿಗೆ 0.7ಕ್ಕೇ. ಕೈ ಬಿಡಿಸಿಕೊಳ್ಳಲಾಗದ ಮಟ್ಟ ಗಂಡಸರಲ್ಲಿ ಸರಾಸರಿ 16, ಹೆಂಗಸರಲ್ಲಿ 10.5. ಅಂದರೆ ನಾನೂ ಬರಿಗಾಲಲ್ಲಿ ನಿಂತು, ಇಬ್ಬರಲ್ಲೂ 0.9 ಮಿಲಿ ಆಂಪಿಯರ್ ಹರಿದಿದ್ದರೆ ಅವ್ವ ಕೈ ಹಿಂದಕ್ಕೆಳೆದುಕೊಳ್ಳುತ್ತಿದ್ದಳು, ನಾನು "ಏನೂ ಇಲ್ಲವಲ್ಲ" ಎನ್ನುತ್ತಿದ್ದೆ. ಇಬ್ಬರೂ ಸುಳ್ಳು ಹೇಳುತ್ತಿರಲಿಲ್ಲ.

ಎಲೆಕ್ಟ್ರಿಷಿಯನ್ನನ ಟೆಸ್ಟರಿನ ವಿಷಯಕ್ಕೆ ಬಂದರೆ, ಅದೊಂದು ಸೊಗಸಾದ ಪುಟ್ಟ ಮೋಸ. ತುದಿಯನ್ನು ತಂತಿಗೆ ಹಚ್ಚಿ, ಹಿಂಬದಿಯ ಲೋಹದ ಗುಂಡಿಯನ್ನು ಹೆಬ್ಬೆರಳಿನಿಂದ ಒತ್ತದಿದ್ದರೆ ದೀಪ ಹತ್ತುವುದಿಲ್ಲ. ಯಾಕೆಂದರೆ ಆ ದೀಪ ಉರಿಯುವುದು ನಮ್ಮ ಮೈಯೊಳಗಿಂದ ಹರಿದುಹೋಗುವ ಕರೆಂಟಿನಲ್ಲಿ. ಒಳಗೊಂದು ಭಾರಿ ರೆಸಿಸ್ಟರ್ ಇಟ್ಟಿರುತ್ತಾರೆ, ಅದರಿಂದಾಗಿ ಹರಿಯುವುದು ಗೊತ್ತೇ ಆಗದಷ್ಟು ಕಡಿಮೆ. ಟೆಸ್ಟರ್ ಹಿಡಿದವರೆಲ್ಲರ ಮೈಯಲ್ಲೂ ಮನೆಯ ಕರೆಂಟು ಓಡಾಡಿ ಹೋಗಿದೆ, ಯಾರಿಗೂ ಹೊಡೆದಿಲ್ಲ. ಆದರೆ ಟೆಸ್ಟರ್ ಹೇಳುವುದು ಇಲ್ಲಿ ಕರೆಂಟಿನ ಸುಳಿವಿದೆ ಎಂದಷ್ಟೇ. ಅದು ಸುಮ್ಮನೆ ಇಂಡಕ್ಷನ್ನೋ, ಒದ್ದೆ ಕಾಲಿನವರಿಗೆ ಕಾದಿರುವ ಸೋರಿಕೆಯೋ ಎಂದು ಬಿಡಿಸಿ ಹೇಳುವ ಶಕ್ತಿ ಅದಕ್ಕಿಲ್ಲ.

ನಾನು ಚಪ್ಪಲಿ ಬಿಟ್ಟೆ. ಅವ್ವ ಒರೆಸಿದ ಮೊಸಾಯಿಕ್ ನೆಲದ ಮೇಲೆ ನಿಂತು, ನಲ್ಲಿಯಲ್ಲಿ ಕೈ ತೊಳೆದು, ಒರೆಸಿಕೊಳ್ಳದೆ, ತಿರುಗುತ್ತಿದ್ದ ಗ್ರೈಂಡರನ್ನು ಮುಟ್ಟಿದೆ. ಮಾಡಬಾರದ ಕೆಲಸ, ಮೀಟರ್ ಇದ್ದವನು ಮೀಟರ್ ಹಚ್ಚಬೇಕಿತ್ತು, ಯಾರೂ ಹೀಗೆ ಮಾಡಬೇಡಿ. ಕಿರುಬೆರಳಿನಿಂದ ಮೊಣಕೈವರೆಗೆ ಸಾಲಿರುವೆ ಓಡಿದಂತಾಗಿ ಕೈ ತಾನಾಗಿಯೇ ಹಿಂದೆ ಬಂತು. ಅವ್ವ ಹಿಟ್ಟಿನ ಕೈಯನ್ನು ಮೇಲೆತ್ತಿಕೊಂಡು ನನ್ನನ್ನೇ ನೋಡುತ್ತಿದ್ದಳು. ಏನೂ ಹೇಳಲಿಲ್ಲ. ಹೇಳಿದ್ದರೆ ವಾಸಿಯಿತ್ತು.

"ಯಾವಾಗಿನಿಂದ ಹೀಗೆ?" ಎಂದು ಕೇಳಿದೆ.

"ಹಿತ್ತಿಲಿಗೆ ಸಿಮೆಂಟು ಹಾಕಿಸಿದಿರಲ್ಲ, ಅಂದಿನಿಂದ."

ಮರುದಿನ ಬೇರೊಬ್ಬ ಎಲೆಕ್ಟ್ರಿಷಿಯನ್ ಬಂದರು, ವಯಸ್ಸಾದವರು. ಹೋಲ್ಡರಿಗೆ ಬಲ್ಬು ಸಿಕ್ಕಿಸಿ, ಅದರ ಎರಡು ವೈರುಗಳಲ್ಲಿ ಒಂದನ್ನು ಕರೆಂಟು ಬರುವ ಫೇಸಿಗೂ ಇನ್ನೊಂದನ್ನು ಸಾಕೆಟ್ಟಿನ ಮೇಲಿನ ದೊಡ್ಡ ತೂತಿಗೂ ಕೊಟ್ಟರು. ಬಲ್ಬು ಹತ್ತಲಿಲ್ಲ. ಆ ಮೂರನೆಯ ತೂತು ಅರ್ತಿಂಗ್, ಸೋರಿದ ಕರೆಂಟು ನಮ್ಮ ಮೈ ಹುಡುಕಿಕೊಂಡು ಬರದೆ ನೇರ ಮಣ್ಣಿಗೆ ಇಳಿಯಲೆಂದು ಇರುವ ದಾರಿ. ಮನೆ ಕಟ್ಟಿಸುವಾಗ ಅಪ್ಪ ಕರಿಬೇವಿನ ಗಿಡದ ಪಕ್ಕ ಗುಂಡಿ ತೆಗೆಸಿ, ಉಪ್ಪು, ಇದ್ದಿಲು ತುಂಬಿಸಿ, ಪೈಪು ನಿಲ್ಲಿಸಿದ್ದರು. ಬೇಸಿಗೆಯಲ್ಲಿ ಅದಕ್ಕೆ ಒಂದು ಕೊಡ ನೀರು ಹೊಯ್ಯುವುದು ಅವ್ವನ ಕೆಲಸವಾಗಿತ್ತು. ಹಿತ್ತಿಲಿಗೆ ಸಿಮೆಂಟು ಹಾಕಿದವರು ಅಡ್ಡ ಬಂದ ಪೈಪಿನ ತಲೆಯನ್ನು ಮಟ್ಟಸ ಮಾಡಿ, ತಂತಿಯನ್ನು ತುಂಡರಿಸಿ, ಮೇಲೆ ಗಾರೆ ಎಳೆದಿದ್ದರು. ನಾನು ಆವತ್ತು ಅಲ್ಲೇ ನಿಂತು ಇಳಿಜಾರು ಸರಿಯಾಗಿದೆಯೇ ಎಂದು ನೋಡುತ್ತಿದ್ದೆ.

ಸೋರಿಕೆ ಮಾತ್ರ ಹಳೆಯದು. ವೈಂಡಿಂಗ್ ಅಂಗಡಿಯವನು ಮೋಟರು ಬಿಚ್ಚಿ ತೋರಿಸಿದ. ವರ್ಷಗಟ್ಟಲೆ ಸೋರಿ ಇಳಿದ ಹಿಟ್ಟು ತಾಮ್ರದ ಸುರುಳಿಗೂ ಕಬ್ಬಿಣದ ಮೈಗೂ ನಡುವೆ ಒಣಗಿ, ಕಂದಾಗಿ, ಗೋಡೆಗಂಟಿದ ಗೆದ್ದಲಿನ ಮಣ್ಣಿನಂತೆ ಕೂತಿತ್ತು. "ನಿಮ್ಮ ಮೋಟರು ಚೆನ್ನಾಗಿ ಇಡ್ಲಿ ತಿಂದಿದೆ ಸಾರ್" ಎಂದ. ಅರ್ತಿಂಗ್ ಇದ್ದಷ್ಟು ಕಾಲ ಆ ಸೋರಿಕೆ ಕರಿಬೇವಿನ ಬುಡಕ್ಕೆ ಹೋಗುತ್ತಿತ್ತು. ಅದು ತಪ್ಪಿದ ಮೇಲೆ ಅವ್ವನ ಕಾಲಿಗೆ ಬಂತು.

ಫ್ಯೂಸು, ಕರೆಂಟು ಮಿತಿಮೀರಿದರೆ ತಾನಾಗಿ ಬೀಳುವ ಎಂಸಿಬಿ ಸ್ವಿಚ್ಚು, ಇವೆಲ್ಲ ಇರಲಿಲ್ಲವೇ ಎಂದು ನೀವು ಕೇಳಬಹುದು. ಇದ್ದವು. 5 ಆಂಪಿಯರಿನ ಫ್ಯೂಸು ಹೋಗಬೇಕಾದರೆ 5000 ಮಿಲಿ ಆಂಪಿಯರಿಗಿಂತ ಹೆಚ್ಚು ಹರಿಯಬೇಕು. ಮನುಷ್ಯನ ಎದೆಯ ಮೂಲಕ ನೂರು ಮಿಲಿ ಆಂಪಿಯರ್ ಒಂದೆರಡು ಸೆಕೆಂಡು ಹರಿದರೆ ಹೃದಯ ತಾಳ ತಪ್ಪಿ ನಿಲ್ಲಬಹುದು. ಮನುಷ್ಯ ಸತ್ತರೂ ಫ್ಯೂಸಿಗೆ ಸುದ್ದಿ ಮುಟ್ಟುವುದಿಲ್ಲ, ಅದು ಇರುವುದು ವೈರನ್ನು ಉಳಿಸಲು. ಮನುಷ್ಯನನ್ನು ಉಳಿಸಲು ಬಂದದ್ದು ಬೇರೆ ಪೆಟ್ಟಿಗೆ, ಅಂಗಡಿಯಲ್ಲಿ ಈಗಲೂ ಇಎಲ್‌ಸಿಬಿ ಎಂದೇ ಕೇಳುತ್ತಾರೆ, ಈಗ ಕೊಡುವುದು ಆರ್‌ಸಿಸಿಬಿ. ಹೋದ ಕರೆಂಟಿಗೂ ವಾಪಸು ಬಂದ ಕರೆಂಟಿಗೂ 30 ಮಿಲಿ ಆಂಪಿಯರಿನ ವ್ಯತ್ಯಾಸ ಕಂಡರೆ ಸೆಕೆಂಡಿನ ಮೂರನೆಯ ಒಂದು ಭಾಗದೊಳಗೆ ಕಡಿದುಹಾಕುತ್ತದೆ. ಇದೇ ಜಾತಿಯ, ಇನ್ನೂ ಸೂಕ್ಷ್ಮವಾದ ಸಾಧನವನ್ನು 1961ರಲ್ಲಿ ರೂಪಿಸಿದವರು ಕೈಗೆ ತಂತಿ ಕೊಟ್ಟು ಅಳೆದ ಅದೇ ಡಾಲ್ಜಿಯಲ್. ನಾನೂ ಒಂದು ಹಾಕಿಸಿದೆ. ಆದರೆ ಅವ್ವನ ಗ್ರೈಂಡರಿನ ಎರಡು ಮಿಲಿ ಆಂಪಿಯರಿಗೆ ಆ ಪೆಟ್ಟಿಗೆ ಕೂಡ ಕಣ್ಣು ಬಿಡುತ್ತಿರಲಿಲ್ಲ. ಮನೆಯಲ್ಲಿದ್ದ ಉಪಕರಣಗಳಲ್ಲೆಲ್ಲ ಅತಿ ಸೂಕ್ಷ್ಮವಾದದ್ದು ಅವ್ವ, ಅದರ ಅಳತೆಯನ್ನು ಓದಿಕೊಳ್ಳುವ ವ್ಯವಧಾನ ನಮಗಿರಲಿಲ್ಲ.

ನಮ್ಮ ಜಿಲ್ಲೆಗೇನು ಕರೆಂಟು ಹೊಸದಲ್ಲ. ಶಿವನಸಮುದ್ರದಲ್ಲಿ ಹುಟ್ಟಿದ ವಿದ್ಯುತ್ತು 1902ರಲ್ಲೇ ಸುಮಾರು 147 ಕಿಲೋಮೀಟರ್ ನಡೆದು ಕೋಲಾರದ ಚಿನ್ನದ ಗಣಿ ಸೇರಿತು, 1905ಕ್ಕೆ ಬೆಂಗಳೂರಿನ ಬೀದಿದೀಪಗಳಿಗೆ ಬಂತು. ಆಗ ಅದು ಸೆಕೆಂಡಿಗೆ 25 ಸಲ ಹಿಂದೆ ಮುಂದೆ ಹೋಗಿ ಬರುತ್ತಿತ್ತು, ಈಗ 50 ಸಲ. ನಮ್ಮ ಸ್ನಾಯುಗಳ ಮಟ್ಟಿಗೆ ಎರಡೂ ಅಷ್ಟೇ ಕೆಟ್ಟವು. ಈ ವೇಗದ ಅಲುಗಾಟಕ್ಕೆ ಸ್ನಾಯು ಸೆಟೆದು ನಿಂತುಬಿಡುತ್ತದೆ. ಮುಂಗೈಯಲ್ಲಿ ಬೆರಳು ಮಡಿಸುವ ಸ್ನಾಯು ಬೆರಳು ಬಿಡಿಸುವ ಸ್ನಾಯುವಿಗಿಂತ ಬಲವಾದದ್ದು, ಹಾಗಾಗಿ ಹಿಡಿದ ಕೈ ಇನ್ನೂ ಬಿಗಿಯಾಗುತ್ತದೆ. "ಕರೆಂಟು ಎಳೆದುಕೊಂಡಿತು" ಎಂದು ನಾವು ಹೇಳುವುದು ಇದನ್ನೇ. ಕೆಲವರನ್ನು ಅದು ಎಸೆಯುತ್ತದೆ, ಆಗ ಸೆಟೆದದ್ದು ತೊಡೆಯ, ಬೆನ್ನಿನ ದೊಡ್ಡ ಸ್ನಾಯು. ಎಳೆಯುವುದೂ ಎಸೆಯುವುದೂ ಕರೆಂಟಲ್ಲ, ನಮ್ಮದೇ ಮಾಂಸಖಂಡ.

ದೊಡ್ಡಪ್ಪನನ್ನು ಅದು ಎಸೆಯಿತು. ಆಶ್ಲೇಷ ಮಳೆ ಹಿಡಿದಿದ್ದ ಒಂದು ಬೆಳಿಗ್ಗೆ ಗದ್ದೆಯ ಪಂಪ್‌ಸೆಟ್ ಮನೆಗೆ ಹೋದವರು, ಎಂದಿನಂತೆ ಸ್ಟಾರ್ಟರ್ ಪೆಟ್ಟಿಗೆ ತೆಗೆದು ಕೈ ಹಾಕಿದರು. ಕಾಲು ಪಾದ ಮುಳುಗುವಷ್ಟು ಕೆಸರಿನಲ್ಲಿತ್ತು. ಪಕ್ಕದ ಗದ್ದೆಯವನು ನೋಡಿದಾಗ ಅವರು ಕಾಲುವೆಯಲ್ಲಿ ಅಂಗಾತ ಬಿದ್ದಿದ್ದರು. ಬದುಕಿದರು. ಬಲಗೈ ಬೆರಳುಗಳೆರಡು ಸುಟ್ಟು ಡೊಂಕಾದವು, ಅಷ್ಟೇ.

ಅವರು ಬದುಕಿದ್ದರಲ್ಲಿ ಗಟ್ಟಿತನದ ಪಾತ್ರ ಎಷ್ಟು, ಅದೃಷ್ಟದ ಪಾತ್ರ ಎಷ್ಟು ಎಂದು ನಾನು ಬಹಳ ಯೋಚಿಸಿದ್ದೇನೆ. ಹೃದಯದ ಪ್ರತಿ ಬಡಿತದಲ್ಲೂ ಒಂದು ಚಿಕ್ಕ ಗಳಿಗೆ ಇರುತ್ತದೆ, ಒಮ್ಮೆ ಹಿಂಡಿ ಮುಗಿಸಿ ಮುಂದಿನದಕ್ಕೆ ಅಣಿಯಾಗುವ ಹೊತ್ತು. ಕ್ಷಣಮಾತ್ರದ ಶಾಕ್ ಆ ಗಳಿಗೆಯಲ್ಲಿ ಬಿದ್ದರೆ ಹೃದಯ ನಡುಗಿ ಹೋಗಬಹುದು, ಅದರ ಆಚೀಚೆ ಬಿದ್ದರೆ ತಪ್ಪಿಸಿಕೊಳ್ಳಬಹುದು. ತಂತಿ ಹೆಚ್ಚು ಹೊತ್ತು ಕಚ್ಚಿಕೊಂಡಿದ್ದರೆ ಎಷ್ಟೋ ಬಡಿತಗಳು ಕಳೆಯುತ್ತವೆ, ಆಗ ಆ ಗಳಿಗೆ ಸಿಕ್ಕೇ ಸಿಗುತ್ತದೆ. ದೊಡ್ಡಪ್ಪ ಎಸೆಯಲ್ಪಟ್ಟರು, ಹಾಗಾಗಿ ಕ್ಷಣದಲ್ಲಿ ಮುಗಿಯಿತು. ಬಲಗೈಯಿಂದ ಎಡಗೈಗೆ ಹರಿದಿತ್ತೋ, ಕೈಯಿಂದ ಕಾಲಿಗಿಳಿದಿತ್ತೋ, ಅದರಲ್ಲಿ ಎಷ್ಟು ಪಾಲು ಎದೆ ಹೊಕ್ಕಿತ್ತೋ ಯಾರು ಕಂಡರು.

ಆಸ್ಪತ್ರೆಯಿಂದ ಬಂದ ಮೇಲೆ ಅವರು ಕೊಟ್ಟ ವಿವರಣೆ ಇನ್ನೂ ನೆನಪಿದೆ. "ಆವತ್ತು ಕರೆಂಟಿನ ಜೋರು ಜಾಸ್ತಿ ಇತ್ತು." ತಮ್ಮ ಮೈಯ ಮೇಲಿನ ನಂಬಿಕೆಯನ್ನು ಬಿಟ್ಟುಕೊಡುವುದಕ್ಕಿಂತ ಕರೆಂಟಿನ ಮೇಲೆ ದೂರು ಹಾಕುವುದು ಅವರಿಗೆ ಸುಲಭವಾಯಿತು. ಸಾಯುವವರೆಗೂ ಅದನ್ನೇ ಹೇಳಿದರು, ಡೊಂಕು ಬೆರಳು ತೋರಿಸಿಕೊಂಡು.

ಹಾಗಾದರೆ ಅಷ್ಟು ವರ್ಷ ಆಲೆಮನೆಯಲ್ಲಿ ಅವರನ್ನು ಕಾದದ್ದು ಏನು? ಅದಕ್ಕೂ ನನ್ನ ಬಳಿ ಉತ್ತರವಿತ್ತು, ಅದನ್ನು ನಾನೇ ಕಂಡುಹಿಡಿದಿದ್ದೇನೆಂಬ ಸಣ್ಣ ಹೆಮ್ಮೆಯೂ ಇತ್ತು. ಆಲೆಮನೆಯ ಒಲೆಗೆ ಉರಿಸುವುದು ಒಣಗಿಸಿದ ಕಬ್ಬಿನ ಸಿಪ್ಪೆ. ನೆನಪಿನಲ್ಲಿ ದೊಡ್ಡಪ್ಪ ಫ್ಯೂಸು ಕಟ್ಟುತ್ತಿರುವ ಚಿತ್ರವನ್ನು ತಂದುಕೊಂಡಾಗಲೆಲ್ಲ ಅವರ ಕಾಲ ಕೆಳಗೆ ಮೊಣಕಾಲೆತ್ತರದ ಒಣ ಸಿಪ್ಪೆ ಇರುತ್ತದೆ, ಅದರ ಮೇಲೆ ಹತ್ತಿ ನಿಂತಿರುತ್ತಾರೆ. ಗಾಣಕ್ಕೆ ಕಬ್ಬು ಕೊಡುವ ಆಳು ನಿಲ್ಲುತ್ತಿದ್ದುದು ಕಬ್ಬಿನ ಹಾಲು ಸೋರಿ ಅಂಟಂಟಾದ ನೆಲದ ಮೇಲೆ. ಒಬ್ಬ ಗಂಡು, ಒಬ್ಬ ಅಂಜುಬುರುಕ ಎಂದು ಊರು ಹೇಳುತ್ತಿದ್ದದ್ದರ ಗುಟ್ಟು ಇಷ್ಟೇ.

ಗ್ರೈಂಡರು ರಿಪೇರಿಯಾಗಿ, ಅರ್ತಿಂಗ್ ಹೊಸದಾಗಿ ಆದ ಮೇಲಿನ ಶನಿವಾರ ಅಡುಗೆಮನೆಯಲ್ಲಿ ಎಡವಿದೆ. ನೋಡಿದರೆ ಕಟ್ಟೆಯ ಕೆಳಗೆ ಮಣೆ, ಊಟಕ್ಕೆ ಕೂರುವ ಹಳೆಯ ಹಲಸಿನ ಮಣೆ. ಅವ್ವ ಅದರ ಮೇಲೆ ನಿಂತು ರುಬ್ಬುತ್ತಿದ್ದಳು. ಆ ಮಣೆ ಅಲ್ಲಿ ಇದ್ದದ್ದನ್ನು ನಾನು ಮೊದಲೂ ನೋಡಿದ್ದೇನೆ. ಅವ್ವ ಗಿಡ್ಡ, ಕಟ್ಟೆ ಎತ್ತರ, ಎಟುಕಲೆಂದು ಇಟ್ಟುಕೊಂಡಿದ್ದಾಳೆ ಎಂದುಕೊಂಡಿದ್ದೆ.

"ಮಣೆ ಮೇಲೆ ನಿಂತರೆ ಹೊಡೆಯುತ್ತಿರಲಿಲ್ಲ. ಮರೆತು ನೆಲದ ಮೇಲೆ ನಿಂತ ದಿನ ಹೊಡೆಯುತ್ತಿತ್ತು" ಎಂದಳು.

"ಇದು ಯಾರು ಹೇಳಿಕೊಟ್ಟರು ನಿನಗೆ?"

"ಹೇಳಿಕೊಡುವುದೇನು, ನಿಮ್ಮ ದೊಡ್ಡಮ್ಮ ಮಾಡುತ್ತಿದ್ದದ್ದನ್ನು ನೋಡಿರಲಿಲ್ಲವೇ? ಆಲೆಮನೆಯಲ್ಲಿ ಕರೆಂಟು ಹೋಯಿತು ಎಂದರೆ ಸಾಕು, ಅಕ್ಕ ಇದ್ದ ಕೆಲಸ ಬಿಟ್ಟು ಓಡಿ ಹೋಗಿ ಒಣ ಸಿಪ್ಪೆ ತಬ್ಬಿಕೊಂಡು ಬಂದು ಆ ಪೆಟ್ಟಿಗೆಯ ಕೆಳಗೆ ಹಾಕುತ್ತಿದ್ದಳು. ಒಂದು ದಿನವೂ ತಪ್ಪಿಸಿದವಳಲ್ಲ. ಭಾವನವರು ಅವಳು ಹಾಕುವುದನ್ನೇ ಬೈದುಕೊಂಡು ಹತ್ತಿ ನಿಲ್ಲುತ್ತಿದ್ದರು."

ದೊಡ್ಡಪ್ಪ ಗದ್ದೆಯಲ್ಲಿ ಬಿದ್ದ ಆ ಬೆಳಿಗ್ಗೆ ದೊಡ್ಡಮ್ಮ ಎಲ್ಲಿದ್ದಳು ಎಂದು ಕೇಳಿದೆ. ಮಗಳ ಬಾಣಂತನಕ್ಕೆ ಮೈಸೂರಿಗೆ ಹೋಗಿದ್ದಳಂತೆ. ಅವ್ವ ಗ್ರೈಂಡರಿನ ಸ್ವಿಚ್ಚು ಆರಿಸಿ, ಕಲ್ಲಿಗೆ ಅಂಟಿದ ಹಿಟ್ಟನ್ನು ಬೆರಳಿನಿಂದ ಬಳಿಯತೊಡಗಿದಳು.